ಬಾಡಿ ಬದಲಾದ ಗಾಡಿ

ಮನೆ ಗಂಡನ ಹೆಸರಲ್ಲಿತ್ತು. ಗ್ಯಾರೇಜು ಗಂಡ ಮತ್ತು ಮೈದುನ ಇಬ್ಬರ ಹೆಸರಲ್ಲಿತ್ತು. ಕರೆಂಟಿನ ಬಿಲ್ಲು ಎಂದೋ ತೀರಿಹೋದ ಮಾವನ ಹೆಸರಿಗೇ ಇನ್ನೂ ಬರುತ್ತಿತ್ತು. ಅವಳ ಹೆಸರಲ್ಲಿ ಇದ್ದದ್ದು ಬಿಳಿ ಕಾರು ಒಂದೇ. ಸ್ವಂತ ದುಡಿಮೆಯಲ್ಲಿ ಕೊಂಡದ್ದು. ಪಕ್ಕದ ಸೀಟಿನ ಕಾಲ ಬಳಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇದ್ದ ಗಾಡಿ ಅದು. ಆ ಸೀಟಿನಲ್ಲಿ ಕೂತು ಅವಳು ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತಿದ್ದಳು. ಮನೆಯಲ್ಲಿ ಅವಳನ್ನು ಏನೇನೋ ಅಂತ ಕರೆಯುತ್ತಿದ್ದರು. ಹೊರಗೆ ಕಾಲಿಟ್ಟರೆ ಎಲ್ಲರಿಗೂ ಅವಳು ಟೀಚರು.

ಗಾಡಿಯ ಕಾಯಿಲೆ ಗೊತ್ತಾದದ್ದು ಟೈಲರಮ್ಮನಿಂದ. ರವಿಕೆ, ಫ್ರಾಕು ಹೊಲಿಯುವ ಆ ಹೆಂಗಸು ನಲವತ್ತು ದಾಟಿದ ಮೇಲೆ ಹಟ ಹಿಡಿದು ಸ್ಟೇರಿಂಗು ಹಿಡಿದವಳು. ಹೊಲಿಗೆ ಯಂತ್ರ ತುಳಿದು ರೂಢಿಯಾದ ಕಾಲು, ಆಕ್ಸಿಲರೇಟರನ್ನೂ ಹಾಗೆಯೇ ತುಳಿಯುತ್ತಿದ್ದಳು. ಒಂದು ಬೆಳಿಗ್ಗೆ ತಿರುವಿನಲ್ಲಿ ಥಟ್ಟನೆ ಗಾಡಿ ನಿಲ್ಲಿಸಿದಳು.

"ಟೀಚರೇ, ರಸ್ತೆ ಕಾಣಿಸ್ತಿದೆ."

"ಕಾಣಿಸ್ಲೇಬೇಕಲ್ಲ. ನೋಡ್ಕೊಂಡು ಓಡ್ಸಿ."

"ಮುಂದೆ ಅಲ್ಲ. ಕಾಲ ಕೆಳಗೆ."

ಚಪ್ಪಲಿಯ ಹಿಮ್ಮಡಿ ಮ್ಯಾಟಿನ ಸಮೇತ ನೆಲದ ತಗಡಿನೊಳಗೆ ಇಳಿದುಹೋಗಿತ್ತು. ಮ್ಯಾಟು ಎತ್ತಿ ನೋಡಿದರೆ ಅಂಗೈ ಅಗಲದ ತೂತು, ಅದರಾಚೆ ಕಪ್ಪು ಟಾರು. ಇಬ್ಬರೂ ನಕ್ಕರು. ಟೈಲರಮ್ಮ ಹೆಚ್ಚು ಹೊತ್ತು ನಕ್ಕಳು, ಗಾಡಿ ಅವಳದಲ್ಲವಲ್ಲ.

ಮೈದುನ ಗಾಡಿಯನ್ನು ಮೇಲೆತ್ತಿಸಿ, ಕೆಳಗೆ ತೂರಿ, ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಕುಟ್ಟಿ ನೋಡಿದ. ಕುಟ್ಟಿದಲ್ಲೆಲ್ಲ ತುಕ್ಕಿನ ಹುಡಿ ಉದುರಿತು. ಅವನ ಕೈಗೆ ಬಂದ ತಗಡು ಮತ್ತೆ ಹೊಸದಾಗಿ ಹುಟ್ಟುತ್ತದೆ ಎಂದು ಟಿಂಕರಿಂಗ್ ಕೆಲಸದವರೇ ಹೇಳುತ್ತಿದ್ದರು. ಅವನೇ ಕೈ ಚೆಲ್ಲಿದ.

"ಅತ್ತಿಗೆ, ಎಂಜಿನ್ ಗಟ್ಟಿಮುಟ್ಟಾಗಿದೆ. ಗೇರ್ ಬಾಕ್ಸಿಗೂ ಏನಾಗಿಲ್ಲ. ಬಾಡಿ ಮಾತ್ರ ಹೋಗಿಬಿಟ್ಟಿದೆ. ಇಲ್ಲಿ ಬೆಸುಗೆ ಹಾಕಿದ್ರೆ ಅಲ್ಲಿ ಕಿತ್ಕೊಂಡು ಬರತ್ತೆ. ಬೇರೆ ಬಾಡಿ ಹುಡುಕಿ, ನಿಮ್ಮ ಎಂಜಿನ್ನು, ಸೀಟು, ಸ್ಟೇರಿಂಗು ಎಲ್ಲ ಎತ್ತಿ ಅದಕ್ಕೆ ಕೂರಿಸ್ಬೇಕು."

ಹುಡುಕಿದವಳು ಅವಳೇ. ಬಿಡುವು ಸಿಕ್ಕಾಗಲೆಲ್ಲ ಗುಜರಿ ಅಂಗಡಿಗಳನ್ನು ಸುತ್ತಿ, ಅದೇ ಮಾದರಿಯ, ಅದೇ ಬಿಳಿಯ ಒಂದು ಬರಿಯ ಬಾಡಿ ಪತ್ತೆ ಮಾಡಿದಳು. ಒಳಗಿನ ಸಾಮಾನನ್ನೆಲ್ಲ ಯಾರೋ ಬಿಚ್ಚಿ ಕೊಂಡೊಯ್ದಿದ್ದರು. ತಗಡು ಮಾತ್ರ ನಿನ್ನೆ ಮೊನ್ನೆ ಮಾಡಿದಂತಿತ್ತು. ಬಾನೆಟ್ಟಿನ ಒಳಗೆ, ಎಂಜಿನ್ ಕೂರುವ ಜಾಗದ ಹಿಂದಿನ ತಗಡಿನ ಗೋಡೆಯಲ್ಲಿ, ಅದರದೇ ಗುರುತಿನ ಚಾಸಿ ನಂಬರು ಅಚ್ಚೊತ್ತಿತ್ತು. ಆ ನಂಬರು ಬರೆಸಿಯೇ ಬಿಲ್ಲು ಪಡೆದಳು. ನೋಂದಣಿ ಕಚೇರಿಗೆ ಹೋಗಿ ಕೇಳಿದಳು. ಬಾಡಿ ಬದಲಿಸುವುದಕ್ಕೆ ದಾರಿ ಇತ್ತು. ಮೊದಲು ಅರ್ಜಿ, ಆಮೇಲೆ ಅನುಮತಿ, ಕೆಲಸ ಮುಗಿದ ಮೇಲೆ ಇನ್ಸ್‌ಪೆಕ್ಟರ ಮುಂದೆ ಗಾಡಿ ತಂದು ನಿಲ್ಲಿಸಬೇಕು. ಅವರು ಬಿಲ್ಲಿನ ನಂಬರನ್ನೂ ತಗಡಿನ ನಂಬರನ್ನೂ ತಾಳೆ ನೋಡಿ, ಗಾಡಿಯ ನೋಂದಣಿ ಪುಸ್ತಕದಲ್ಲಿ 'ಬಾಡಿ ಬದಲಾಗಿದೆ' ಎಂದು ಹೊಸ ನಂಬರು ಬರೆದುಕೊಡುತ್ತಾರೆ. ಅವಳು ಅರ್ಜಿ ಕೊಟ್ಟು, ಬಾಡಿಯನ್ನು ಗ್ಯಾರೇಜಿಗೆ ಸಾಗಿಸಿದಳು.

"ಮದುವೆ ಟೈಮಲ್ಲೂ ನೀನು ಇಷ್ಟು ಓಡಾಡಿರ್ಲಿಲ್ಲ," ಎಂದ ಗಂಡ.

"ಆವಾಗ ನನ್ನ ಯಾರು ಕೇಳಿದ್ರು?"

ಮೈದುನನಿಗೆ ಪುಸ್ತಕದ ಮಾತು ರುಚಿಸಲಿಲ್ಲ. ಚಹಾ ಲೋಟ ಕೈಯಲ್ಲಿ ತಿರುಗಿಸುತ್ತ, "ಅತ್ತಿಗೆ, ಬಾಡಿ ಬದಲಾಗಿದೆ ಅಂತ ಒಂದ್ಸಲ ಬರೆದ್ರು ಅಂದ್ರೆ ಮುಗೀತು. ನಾಳೆ ಯಾರೂ ಆ ಗಾಡೀನ ಮೂಸಿ ನೋಡಲ್ಲ," ಎಂದ.

"ಮೂಸಿ ನೋಡೋಕೆ ನಾನೇನು ಮಾರೋಕೆ ಇಟ್ಟಿದ್ದೀನಾ?"

ಮೈದುನ ಅಣ್ಣನ ಮುಖ ನೋಡಿ ಲೋಟ ಕೆಳಗಿಟ್ಟ.

ಅದರ ನಡುವೆಯೇ ಅವಳ ಕಣ್ಣಿನ ಪೊರೆಯ ಆಪರೇಷನ್ ಬಂತು. ಬಹಳ ದಿನದಿಂದ ಮುಂದೂಡಿಕೊಂಡು ಬಂದಿದ್ದಳು. ಗಾಡಿಯೂ ಇಲ್ಲದ ಮೇಲೆ ಇದೇ ಸರಿಯಾದ ಸಮಯವೆಂದು ಮಾಡಿಸಿಕೊಂಡಳು. ಬಗ್ಗುವ ಹಾಗಿಲ್ಲ, ಒಲೆಯ ಮುಂದೆ ನಿಲ್ಲುವ ಹಾಗಿಲ್ಲ, ಧೂಳಿಗೆ ಹೋಗುವ ಹಾಗಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಪರದೆ ಎಳೆದ ಕೋಣೆಯಲ್ಲಿ ಕೂತಳು. ಮದ್ದಿನ ಹನಿ ಹಾಕುವ ಕೆಲಸ ಗಂಡ ವಹಿಸಿಕೊಂಡ. ಗ್ಯಾರೇಜಿನಿಂದ ಹೊತ್ತು ಹೊತ್ತಿಗೆ ಎದ್ದು ಬರುತ್ತಿದ್ದ. ಕೈಯನ್ನು ಸೋಪು ಹಾಕಿ ತೊಳೆದು, ಅವಳ ಗದ್ದ ಎತ್ತಿ, ರೆಪ್ಪೆ ಬಿಡಿಸಿ, ಒಂದೇ ಒಂದು ಹನಿ ಬೀಳಿಸುತ್ತಿದ್ದ. ಇಷ್ಟು ವರ್ಷದಲ್ಲಿ ಅವನು ಅವಳ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಗಮನವಿಟ್ಟು ನೋಡಿದ್ದು ಅವಳಿಗೆ ನೆನಪಿರಲಿಲ್ಲ. ಕಣ್ಣು ಉರಿಯುತ್ತಿತ್ತು. ಆದರೂ ಆ ದಿನಗಳು ಬೇಗ ಮುಗಿಯದಿದ್ದರೆ ಒಳ್ಳೆಯದೆಂದು ಅವಳು ಗುಟ್ಟಾಗಿ ಅಂದುಕೊಂಡಳು.

ಕನ್ನಡಕ ತೆಗೆದ ದಿನ ಗಂಡ ಅವಳನ್ನು ಬಾಗಿಲಿಗೆ ಕರೆದೊಯ್ದ. ಅಂಗಳದಲ್ಲಿ ಗಾಡಿ ನಿಂತಿತ್ತು. ಹೊಸ ಕಣ್ಣಿಗೆ ಎಲ್ಲವೂ ಹೊಳೆಯುತ್ತಿದ್ದುದರಿಂದ ಆ ಬಿಳುಪು ಗಾಡಿಯದೋ ಕಣ್ಣಿನದೋ ತಿಳಿಯಲಿಲ್ಲ. ಒಳಗೆ ಅವಳದೇ ಸೀಟು, ಅಂಚು ಸವೆದ ಅವಳದೇ ಸ್ಟೇರಿಂಗು, ಕಾಲ ಬಳಿ ಅವಳದೇ ಇನ್ನೊಂದು ಬ್ರೇಕು. ಬಾಗಿಲು ಹಾಕಿದಾಗ ಮಾತ್ರ ಸದ್ದು ಬೇರೆಯಿತ್ತು. ತಗಡು ಗಟ್ಟಿಯಾಗಿತ್ತಲ್ಲ, ಬೇರೆ ಇರಲೇಬೇಕು.

"ಅನುಮತಿ ಬಂತಾ? ಆಫೀಸಲ್ಲಿ ತೋರಿಸ್ಬೇಕಲ್ಲ," ಎಂದಳು.

"ಅದೆಲ್ಲ ಆಯ್ತು. ತಮ್ಮ ನೋಡ್ಕೊಂಡ."

"ಇನ್ಸ್‌ಪೆಕ್ಟರು ಗಾಡಿ ನೋಡಿದ್ರಾ? ಪುಸ್ತಕದಲ್ಲಿ ಬರೆದ್ರಾ?"

"ಆಯ್ತು ಅಂದ್ನಲ್ಲ. ಕಣ್ಣು ಬಂದ ತಕ್ಷಣ ತಪಾಸಣೆ ಶುರು ಮಾಡ್ಬೇಡ. ಓಡ್ಸು."

ಓಡಿಸಿದಳು. ವಾರ ಕಳೆಯುವುದರೊಳಗೆ ಹಳೆಯ ವಿದ್ಯಾರ್ಥಿನಿಯರೆಲ್ಲ ಮರಳಿ ಬಂದರು. ಹಾಗಿರುವಾಗ ನೋಂದಣಿ ಕಚೇರಿಯಿಂದ ಫೋನು. ಅನುಮತಿ ಯಾವಾಗಲೋ ಆಗಿ ಕೂತಿದೆ, ಗಾಡಿ ಯಾವಾಗ ತೋರಿಸುತ್ತೀರಿ ಎಂದು ಗುಮಾಸ್ತ ಕೇಳಿದ.

ಗಂಡ ಸುಳ್ಳು ಹೇಳಿದ್ದಾನೆ ಎಂಬುದು ಅವಳಿಗೆ ಅಲ್ಲೇ ಹೊಳೆಯಿತು. ಆದರೆ ಅದನ್ನು ಅವಳು ಸಣ್ಣ ಸುಳ್ಳು ಎಂದುಕೊಂಡಳು. ಕಚೇರಿಗೆ ಹೋಗಲು ಸೋಮಾರಿತನ, ಹೆಂಡತಿಯ ಬಾಯಿ ಮುಚ್ಚಿಸಲು ಒಂದು 'ಆಯ್ತು'. ಅಂಥ 'ಆಯ್ತು'ಗಳ ಮೇಲೆಯೇ ಅವರ ಸಂಸಾರ ಇಷ್ಟು ದೂರ ಬಂದಿತ್ತು. ಜಗಳ ಯಾಕೆ, ತಾನೇ ಹೋಗಿ ಮುಗಿಸಿದರಾಯಿತು ಎಂದು ಬಿಲ್ಲು, ಪುಸ್ತಕ ಎರಡನ್ನೂ ಚೀಲಕ್ಕೆ ಹಾಕಿಕೊಂಡಳು. ಆ ದಿನ ಟೈಲರಮ್ಮನ ಪಾಠವಿತ್ತು. "ಇವತ್ತು ಕಚೇರಿ ತನಕ ನೀವೇ ಓಡ್ಸಿ, ಟ್ರಾಫಿಕ್ಕು ರೂಢಿಯಾಗತ್ತೆ," ಎಂದಳು. ಹೀಗೆ ಅವಳು ತಾನಾಗಿಯೇ, ನಗುತ್ತಲೇ, ಆ ಕಾಂಪೌಂಡಿನೊಳಗೆ ಹೋದಳು.

ಇನ್ಸ್‌ಪೆಕ್ಟರು ಬಾನೆಟ್ಟು ಎತ್ತಿಸಿದರು. ಜೇಬಿನಿಂದ ಬಟ್ಟೆ ತೆಗೆದು ತಗಡಿನ ಗೋಡೆ ಒರೆಸಿದರು. ಬಿಲ್ಲು ನೋಡಿದರು, ತಗಡು ನೋಡಿದರು, ಮತ್ತೆ ಬಿಲ್ಲು ನೋಡಿದರು.

"ಅಮ್ಮಾ, ಬಾಡಿ ಬದಲಾಯಿಸ್ತೀವಿ ಅಂತ ಅರ್ಜಿ ಕೊಟ್ಟಿದ್ದೀರಿ. ಇಲ್ಲಿ ನೋಡಿದ್ರೆ ನಿಮ್ಮ ಹಳೇ ನಂಬರೇ ಇದೆ."

"ಹೌದಾ? ಸದ್ಯ," ಎಂದಳು ಅವಳು, ಅರ್ಥವಾಗದೆ. ತನ್ನ ಗಾಡಿಯಲ್ಲಿ ತನ್ನ ನಂಬರು ಇದ್ದರೆ ಒಳ್ಳೆಯದೇ ಅಲ್ಲವೇ.

ಅವರು ಚಾಕುವಿನ ತುದಿಯಿಂದ ನಂಬರಿನ ಸುತ್ತ ಮೆಲ್ಲಗೆ ಕೆರೆದರು. ಬಣ್ಣ ಏಳತೊಡಗಿತು. ಅದರಡಿಯ ಪುಟ್ಟಿ ಸಿಪ್ಪೆಯಂತೆ ಸುಲಿದು ಬಂತು. ಅದರಡಿಯಲ್ಲಿ ನಾಲ್ಕೂ ಬದಿಗೆ ನೇರವಾದ ಬೆಸುಗೆಯ ಗೆರೆ.

ಟೈಲರಮ್ಮ ಹೆಗಲ ಮೇಲಿಂದ ಇಣುಕಿದಳು. "ತೇಪೆ," ಎಂದಳು. ಆಮೇಲೆ ತಾನು ಮಾತಾಡಬಾರದಿತ್ತೇನೋ ಎಂಬಂತೆ ಹಿಂದೆ ಸರಿದಳು.

ಇನ್ಸ್‌ಪೆಕ್ಟರು ಸಿಟ್ಟಾಗಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದಿತು. ಕೋಣೆಗೆ ಕರೆದು ಕುರ್ಚಿ ತೋರಿಸಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. "ಹೊಸ ಬಾಡಿಗೆ ಅದರದ್ದೇ ನಂಬರಿತ್ತು. ಅದನ್ನ ಉಜ್ಜಿ ಹಾಕಿದಾರೆ. ನಿಮ್ಮ ಹಳೇ ಬಾಡಿಯಿಂದ ನಂಬರಿರೋ ತುಂಡು ಕತ್ತರಿಸಿ ತಂದು ಇದಕ್ಕೆ ಬೆಸೆದಿದಾರೆ. ಕದ್ದ ಗಾಡಿಗಳಿಗೆ ಮಾಡೋ ಕೆಲಸ ಇದು."

"ಕದ್ದದ್ದಲ್ಲ ಸರ್. ನಾನೇ ಕೊಂಡದ್ದು. ಬಿಲ್ಲಿದೆ."

"ಇದೆ. ಅದೇ ವಿಚಿತ್ರ ನೋಡಿ. ತಗಡು ಮುಟ್ಟದೆ ಹಾಗೇ ತಂದಿದ್ರೆ ಇಷ್ಟು ಹೊತ್ತಿಗೆ ಬರೆದುಕೊಟ್ಟು ಕಳಿಸ್ತಿದ್ದೆ."

"ಎಂಜಿನ್ ನಂದೇ ಸರ್. ಸೀಟು, ಚಕ್ರ, ಬ್ರೇಕು, ಎಲ್ಲ ನಂದೇ. ಅದೇ ಗಾಡಿ."

"ಅದೆಲ್ಲ ಸಾಮಾನು ಅಮ್ಮಾ. ಕಾನೂನಿಗೆ ಗಾಡಿ ಅಂದ್ರೆ ಬಾಡಿ. ಆ ಬಾಡಿಗೆ ಈಗ ಗುರುತಿಲ್ಲ. ನಿಮ್ಮ ಹಳೇ ಬಾಡಿಯಲ್ಲಿ ಗುರುತಿದ್ದ ಜಾಗದಲ್ಲಿ ತೂತಿದೆ. ಎರಡರಲ್ಲಿ ಯಾವುದನ್ನೂ ನಾನು ಗಾಡಿ ಅಂತ ಬರೆಯೋಕಾಗಲ್ಲ. ಇದು ಇಲ್ಲೇ ಯಾರ್ಡಲ್ಲಿ ನಿಲ್ಲತ್ತೆ, ತೀರ್ಮಾನ ಆದ್ಮೇಲೆ ಗುಜರಿಗೆ ಹೋಗತ್ತೆ. ಅದನ್ನ ನೀವೂ ತಪ್ಪಿಸೋಕಾಗಲ್ಲ, ನಾನೂ ತಪ್ಪಿಸೋಕಾಗಲ್ಲ." ಪೆನ್ನು ಕೈಗೆ ತೆಗೆದುಕೊಂಡು, "ಯಾರು ಮಾಡಿದ್ದು ಅಂತ ಹೇಳಿಕೆ ಕೊಡಿ. ನೀವೇ ಮಾಡಿಸಿದ್ದು ಅಂತಾದ್ರೆ ಕೇಸು ನಿಮ್ಮ ಮೇಲೆ, ಡ್ರೈವಿಂಗ್ ಕಲಿಸೋ ಲೈಸೆನ್ಸೂ ರದ್ದಾಗತ್ತೆ. ಮನೆಯವರನ್ನ ಕರೆಸ್ಕೊಳ್ಳಿ, ಮಾತಾಡಿ," ಎಂದರು.

ಮನೆಯವರು ಗ್ಯಾರೇಜಿನ ವ್ಯಾನಿನಲ್ಲಿ ಬಂದರು. ಗಂಡ ಮುಂದೆ, ಮೈದುನ ಹಿಂದೆ. ಕಾರಿಡಾರಿನ ಕೊನೆಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ ಮೂವರೂ ನಿಂತರು.

"ನಿನಗ್ಯಾರು ಇಲ್ಲಿಗೆ ಬಾ ಅಂದದ್ದು?" ಗಂಡನ ಮೊದಲ ಮಾತು ಅದು. "ಎಲ್ಲ ಆಯ್ತು ಅಂತ ಹೇಳಿರ್ಲಿಲ್ವಾ?"

"ಏನು ಆಗಿತ್ತು?"

"ಗಾಡಿ ಓಡ್ತಿತ್ತು ತಾನೆ? ಯಾರಾದ್ರೂ ಕೇಳಿದ್ರಾ? ನೀನಾಗಿ ತಂದು ಹುಲಿ ಬಾಯಿಗೆ ಕೊಟ್ಟೆ."

ಮೈದುನ ತಲೆ ತಗ್ಗಿಸಿಕೊಂಡೇ, "ನೀಟಾಗಿ ಮಾಡಿದ್ದೆ ಅತ್ತಿಗೆ. ಬಿಲ್ಲು ಕೊಟ್ಟಿರದಿದ್ರೆ ಅವ್ರಿಗೂ ಗೊತ್ತಾಗ್ತಿರ್ಲಿಲ್ಲ," ಎಂದ. ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಕೆಲಸದ ಬಗ್ಗೆ ಒಂದು ಚೂರು ಹೆಮ್ಮೆಯಿತ್ತು. ಅವನ ಮೇಲೆ ಅವಳಿಗೆ ಪೂರ್ತಿ ಸಿಟ್ಟು ಬರಲಿಲ್ಲ. ಮದುವೆಯಾಗಿ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಆಮೇಲೆ ಅವನ ಗ್ಯಾರೇಜಿನ ಎಣ್ಣೆ ಬಟ್ಟೆ ಒಗೆದು ಒಗೆದು ಅವಳ ಉಗುರುಗಳು ಕಪ್ಪಾಗಿದ್ದವು.

"ಅನುಮತಿ ಬರ್ತಿತ್ತಲ್ಲೋ. ಕಾದಿದ್ರೆ ಏನಾಗ್ತಿತ್ತು? ಯಾಕೆ ಹೀಗೆ ಮಾಡಿದೆ?"

ಅವನು ಅಣ್ಣನ ಕಡೆ ನೋಡಿದ.

"ಅದೆಲ್ಲ ಈಗ ಯಾಕೆ," ಎಂದು ಗಂಡ ಅಡ್ಡ ಬಂದ. "ಮುಂದಿನ ಮಾತಾಡು. ದಾರಿಬದಿ ಯಾರೋ ಒಬ್ಬ ಟಿಂಕರ್ ಹತ್ರ ನಾನೇ ಮಾಡಿಸಿದೆ, ಅವನು ಎಲ್ಲಿ ಹೋದನೋ ಗೊತ್ತಿಲ್ಲ ಅಂತ ಬರೆದುಕೊಟ್ಟುಬಿಡು. ಹೆಂಗಸು ಅಂತ ಹೆಚ್ಚು ಎಳೆದಾಡಲ್ಲ. ಗ್ಯಾರೇಜಿನ ಹೆಸರು ಬಂತು ಅಂದ್ರೆ ಬೀಗ ಜಡೀತಾರೆ. ಎರಡು ಸಂಸಾರ ಅದರಲ್ಲೇ ಊಟ ಮಾಡ್ತಿರೋದು."

"ನನ್ನ ಲೈಸೆನ್ಸು ಹೋಗತ್ತಂತೆ."

"ಹೋದ್ರೆ ಹೋಗ್ಲಿ. ಈ ಕಣ್ಣಿಟ್ಕೊಂಡು ಇನ್ನೆಷ್ಟು ವರ್ಷ ಕಲಿಸ್ತಿದ್ದೆ? ಹೇಗೂ ಗಾಡಿನೇ ಇರ್ತಿರ್ಲಿಲ್ಲ."

ಹೇಳಿ ಮುಗಿಸಿದ ಮೇಲೆ ಅವನಿಗೆ ಆ ಕೊನೆಯ ಮಾತು ಕೇಳಿಸಿತು. ಅವಳಿಗೂ ಕೇಳಿಸಿತು.

"ಯಾಕೆ ಇರ್ತಿರ್ಲಿಲ್ಲ?"

ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ಲೋಟ ಹಿಡಿದು ಬಂದು, ಇವರ ಮುಖ ನೋಡಿ ಹಾಗೇ ಹಿಂದಿರುಗಿದರು.

ಹೇಳಿದವನು ಮೈದುನ. "ಗ್ಯಾರೇಜಿನ ಪಕ್ಕದ ಔಷಧಿ ಅಂಗಡಿಯವ್ರಿಗೆ ಗಾಡಿ ಮಾರ್ತೀನಿ ಅಂತ ಅಣ್ಣ ಮಾತು ಕೊಟ್ಟಿದ್ದ, ಅತ್ತಿಗೆ. ನಿಮ್ಮ ಆಪರೇಷನ್ನಿಗೂ ಮುಂಚೆನೇ. ಬಾಡಿ ಬದಲಾಗಿದೆ ಅಂತ ಬರೆದಿದ್ರೆ ಬೇಡ ಅಂದ್ರು ಅವ್ರು. ಅದಕ್ಕೇ ಹಳೇ ನಂಬರು ಉಳಿಸು ಅಂದ ಅಣ್ಣ. ನಾನು ಬೇಡ ಅಂದೆ. ನಿಮ್ಮಾಣೆ."

"ಆಣೆ ಬೇಡ ಬಿಡು," ಎಂದಳು. ಗಂಡನ ಕಡೆ ತಿರುಗಿದಳು. "ಗಾಡಿ ನನ್ನ ಹೆಸರಲ್ಲಿದೆ. ಮಾರ್ಬೇಕಾದ್ರೆ ನನ್ನ ಸಹಿ ಬೇಕಲ್ಲ ರೀ."

"ನೀನು ಹಾಕ್ತಿದ್ದೆ."

"ಕೇಳದೇನೇ?"

"ನಾನು ಹಾಕು ಅಂದಾಗ ಯಾವತ್ತು ನೀನು ಹಾಕಿಲ್ಲ?"

ಅವನು ಅದನ್ನು ಗೇಲಿಯಾಗಿ ಹೇಳಲಿಲ್ಲ. ನಿಜವಾಗಿಯೂ ಅವನಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ. ಅವಳು ಗ್ಯಾರೇಜಿನ ಸಾಲದ ಜಾಮೀನಿಗೆ ಹಾಕಿದ್ದಳು. ಅಪ್ಪನ ಮನೆಯ ಪಾಲು ಬೇಡವೆಂದು ಹಾಕಿದ್ದಳು. ಅವನು ಬೆರಳಿಟ್ಟ ಜಾಗದಲ್ಲಿ, ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟು, ಮೇಲಿನ ಸಾಲು ಏನೆಂದು ಓದದೆ ಹಾಕಿದ್ದಳು. ಓದುವುದೆಂದರೆ ಅನುಮಾನ ಪಟ್ಟಂತೆ, ಅನುಮಾನ ಪಡುವುದೆಂದರೆ ಪ್ರೀತಿ ಇಲ್ಲದಂತೆ ಎಂದು ಯಾರು ಕಲಿಸಿದರೋ. ಕಲಿತಿದ್ದಳಂತೂ ನಿಜ.

"ಹೊತ್ತು ಹೊತ್ತಿಗೆ ಬಂದು ಕಣ್ಣಿಗೆ ಮದ್ದು ಹಾಕಿದೀನಿ ನಾನು," ಎಂದ ಗಂಡ, ಈ ಸಲ ದನಿ ಇಳಿಸಿ. "ನಿನ್ನ ಒಳ್ಳೇದಕ್ಕೇ ಅಲ್ವಾ? ಸಾಕಿನ್ನು, ಮನೇಲಿ ಆರಾಮಾಗಿರ್ಲಿ ಅಂತ."

ಅವಳಿಗೆ ಮುಖದ ಹತ್ತಿರ ಬಂದ ಅವನ ಮುಖ, ಸೋಪಿನ ವಾಸನೆ, ರೆಪ್ಪೆ ಹಿಡಿದ ಬೆರಳು ಎಲ್ಲ ಒಮ್ಮೆಗೇ ನೆನಪಾಯಿತು. ಆ ಬೆರಳು ಸುಳ್ಳಾಗಿರಲಿಲ್ಲ. ಅದೇ ಹೆಚ್ಚು ಕಹಿ. ಹನಿ ಹಾಕಿದ್ದೂ ನಿಜ, ಹಾಕಿ ಕೈ ಒರೆಸಿಕೊಂಡು ಗ್ಯಾರೇಜಿಗೆ ಹೋಗಿ ತಮ್ಮನ ಕೈಗೆ ತಗಡು ಉಜ್ಜುವ ಗ್ರೈಂಡರು ಕೊಟ್ಟದ್ದೂ ನಿಜ. ಎರಡರ ನಡುವೆ ಅವನಿಗೆ ಯಾವ ಗೋಡೆಯೂ ಕಾಣಿಸಿರಲಿಲ್ಲ. ಅವಳನ್ನು ನೋಡಿಕೊಳ್ಳುವುದು, ಅವಳದನ್ನು ವಿಲೇವಾರಿ ಮಾಡುವುದು ಎರಡೂ ಅವನಿಗೆ ಒಂದೇ ಜವಾಬ್ದಾರಿ.

"ಗಾಡಿ ಹೇಗೂ ಹೋಯ್ತು," ಎಂದ. "ಈಗ ಸತ್ಯ ಹೇಳಿ ಏನು ಗಳಿಸ್ತೀಯ?"

ಅದೂ ಸರಿಯಾದ ಪ್ರಶ್ನೆಯೇ. ಗಳಿಸುವುದು ಏನೂ ಇರಲಿಲ್ಲ. ಗಾಡಿಯಿಲ್ಲದ ಟೀಚರಿಗೆ ಲೈಸೆನ್ಸು ಎಂದರೆ ಒಂದು ಕಾಗದ, ಅಷ್ಟೇ. ಓರಗಿತ್ತಿ ನಾಳೆಯಿಂದ ಮಾತು ಬಿಡುತ್ತಾಳೆ. ನೆಂಟರೆಲ್ಲ ಗಂಡನನ್ನು ಕಚೇರಿ ಮೆಟ್ಟಿಲು ಹತ್ತಿಸಿದವಳು ಎನ್ನುತ್ತಾರೆ. ಸುಳ್ಳು ಹೇಳಿದರೆ ಅವಳೊಬ್ಬಳೇ ಹೋಗುತ್ತಾಳೆ, ಉಳಿದವರೆಲ್ಲ ಉಳಿಯುತ್ತಾರೆ. ಅವಳು ಲೆಕ್ಕ ಹಾಕಿ ನೋಡಿದಳು. ಲೆಕ್ಕ ಪ್ರತಿ ಸಲವೂ ಅವರ ಪರವಾಗಿಯೇ ಬಂತು. ಇಷ್ಟು ವರ್ಷವೂ ಹಾಗೆಯೇ ಬರುತ್ತಿತ್ತು.

"ಯೋಚನೆ ಮಾಡ್ತೀನಿ," ಎಂದು ಹೇಳಿ, ಯೋಚನೆ ಮಾಡದೆ ಕೋಣೆಯೊಳಗೆ ಹೋದಳು.

"ಯಾರು ಮಾಡಿದ್ದು?" ಎಂದರು ಇನ್ಸ್‌ಪೆಕ್ಟರು.

"ಮಾಡಿದ್ದು ನನ್ನ ಮೈದುನ. ಮಾಡಿಸಿದ್ದು ನನ್ನ ಯಜಮಾನ್ರು."

ಅವರು ಪೆನ್ನು ಕೆಳಗಿಟ್ಟರು. "ಬರೆದ ಮೇಲೆ ಅಳಿಸೋಕಾಗಲ್ಲ ಅಮ್ಮಾ."

"ಅಳಿಸೋದರಲ್ಲಿ ಅವ್ರಿಗಿರೋ ಕೈಚಳಕ ನನಗಿಲ್ಲ ಸರ್. ಬರ್ಕೊಳ್ಳಿ."

ಗುಮಾಸ್ತ ಕಂಪ್ಯೂಟರಿನಲ್ಲಿ ಟೈಪು ಮಾಡಿದ. ಹಾಳೆ ಹೊರಗೆ ಬಂತು. ಕೊನೆಯಲ್ಲಿ ಒಂದು ಗೆರೆ ಎಳೆದು, ಇಲ್ಲಿ ಸಹಿ ಹಾಕಿ ಎಂದು ಬೆರಳಿಟ್ಟ. ಗಾಜಿನ ಬಾಗಿಲಾಚೆ ಗಂಡ ನಿಂತು ನೋಡುತ್ತಿದ್ದುದು ಅವಳಿಗೆ ಕಾಣುತ್ತಿತ್ತು.

"ಓದ್ಬೇಕು," ಎಂದಳು.

"ನೀವು ಹೇಳಿದ್ದನ್ನೇ ಬರೆದಿರೋದು ಮೇಡಂ."

"ಇರ್ಲಿ, ಓದ್ತೀನಿ."

ಮೊದಲಿನಿಂದ ಓದಿದಳು. ಅಕ್ಷರಗಳು ಸ್ಫುಟವಾಗಿದ್ದವು. ಗುಮಾಸ್ತ ಗಡಿಯಾರ ನೋಡಿದ, ಆಕಳಿಸಿದ. ನಡುವೆ ಒಂದು ಸಾಲಿನಲ್ಲಿ ಅವಳು ನಿಂತಳು. 'ಸದರಿ ವಾಹನದ ಬಾಡಿಯನ್ನು ಮಾಲೀಕರ ಸಮ್ಮತಿಯ ಮೇರೆಗೆ ಅವರ ಪತಿಯ ಗ್ಯಾರೇಜಿನಲ್ಲಿ ಬದಲಿಸಿ, ಹಳೆಯ ನಂಬರನ್ನು ಅಳವಡಿಸಲಾಗಿದ್ದು.'

"ಸಮ್ಮತಿಯ ಮೇರೆಗೆ ಅಂತ ನಾನು ಹೇಳಿಲ್ಲ."

"ಮನೆಯವ್ರೇ ಅಲ್ವಾ ಮಾಡಿರೋದು, ಅದಕ್ಕೆ ಹಾಗೆ ಬಂತು. ಮಾಮೂಲು ಮಾತು ಮೇಡಂ ಅದು."

"ಬಾಡಿ ಬದಲಿಸೋಕೆ ಒಪ್ಪಿದ್ದೆ. ನಂಬರಿಗೆ ಒಪ್ಪಿಲ್ಲ. ನನ್ನ ಯಾರೂ ಕೇಳ್ಲಿಲ್ಲ. ತೆಗೀರಿ."

ಗುಮಾಸ್ತ ಇನ್ಸ್‌ಪೆಕ್ಟರ ಮುಖ ನೋಡಿದ. ಅವರು ತಲೆಯಾಡಿಸಿದರು. ಮತ್ತೆ ಟೈಪು ಮಾಡಿ ಇನ್ನೊಂದು ಹಾಳೆ ತೆಗೆದ. ಅವಳು ಅದನ್ನೂ ಮೊದಲಿನಿಂದ ಕೊನೆಯ ತನಕ ಓದಿ ಸಹಿ ಹಾಕಿದಳು.

ಹೊರಗೆ ಬಂದಾಗ ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ವ್ಯಾನು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಇತ್ತು. ಯಾರ್ಡಿನ ಕಾವಲಿನವನು ಬಿಳಿ ಕಾರನ್ನು ಬೇಲಿಯ ಪಕ್ಕಕ್ಕೆ ತಳ್ಳಿಸಿ, ಗಾಜಿನ ಮೇಲೆ ಸುಣ್ಣದಲ್ಲಿ ಏನೋ ಗುರುತು ಬರೆಯುತ್ತಿದ್ದ. ಅದು ನಂಬರಾಗಿರಲಿಲ್ಲ, ಬರಿಯ ಒಂದು ಅಡ್ಡಗೆರೆ.

ಟೈಲರಮ್ಮ ಗೇಟಿನ ಹತ್ತಿರ ಕಾದಿದ್ದಳು. ಏನಾಯಿತೆಂದು ಕೇಳಲಿಲ್ಲ. "ನಿಮ್ಮವ್ರು ಹೋಗಿಬಿಟ್ರು, ಟೀಚರೇ. ನಾನೂ ಬರ್ತೀನಿ ಅಂದೆ. ಜಾಗ ಇಲ್ಲ ಅಂದ್ರು."

"ಅಷ್ಟು ದೊಡ್ಡ ವ್ಯಾನಲ್ಲಿ?"

"ಅಷ್ಟು ದೊಡ್ಡ ವ್ಯಾನಲ್ಲಿ."

ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದರು. ಎದುರಿನಿಂದ ಬಂದ ಗಾಡಿಯೊಂದರಲ್ಲಿ ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ಟೇರಿಂಗು ಹಿಡಿದಿದ್ದಳು. ಗುರುತು ಹಿಡಿದು ಹಾರ್ನು ಹೊಡೆದು, ನಿಲ್ಲಿಸದೆ ಹೋದಳು. ರಸ್ತೆಯಲ್ಲಿ ಗಮನ ಬೇರೆ ಕಡೆ ಹೋಗಬಾರದೆಂದು ಕಲಿಸಿದವಳು ಅವಳೇ.